ಉಸಿರು ಹಿಡಿಯಿರಿ

ಕಿವಿ ಬೆಚ್ಚಗಾಗುತ್ತಿದೆ. ಹಾಲೆಯ ಒಂದು ಬದಿಗೆ ಪುಟ್ಟ ಬಲ್ಬು, ಇನ್ನೊಂದು ಬದಿಗೆ ಬೆಳಕು ಹಿಡಿಯುವ ಸೆನ್ಸರ್, ನಡುವೆ ನಿಮ್ಮ ಚರ್ಮ. ಕ್ಲಿಪ್ಪು ಬಿಗಿಯಾಗಿರುವುದರಿಂದ ಅಲ್ಲಿ ನಾಡಿ ಬಡಿಯುವುದು ನಿಮಗೇ ಗೊತ್ತಾಗುತ್ತಿದೆ. ಕೋಣೆಯಲ್ಲಿ ಬೆಸುಗೆಯ ಹೊಗೆಯ ವಾಸನೆ, ಕಿವಿ ಒರೆಸಿದ ಸ್ಪಿರಿಟ್ಟಿನ ತಣ್ಣನೆ ಘಾಟು. ಪಕ್ಕದ ಮೇಜಿನ ಮೇಲೆ ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತಾ ಸಾಗುತ್ತಿದೆ. ಅದರ ಮೇಲೆ ಪೆನ್ನಿನ ಮುಳ್ಳು ಗೀಚುತ್ತಿದೆ, ಪ್ರತಿ ಬಡಿತಕ್ಕೂ ಒಂದು ಹಲ್ಲು.

ಇದು 1972. ಊರು ಜಪಾನಿನ ಟೋಕಿಯೊ. ನಿಹೊನ್ ಕೊಹ್ಡೆನ್ ಎಂಬ ವೈದ್ಯಕೀಯ ಉಪಕರಣಗಳ ಕಂಪನಿಯ ಪ್ರಯೋಗಾಲಯ. ಆ ದಿನಗಳಲ್ಲಿ ಈ ಕುರ್ಚಿಯಲ್ಲಿ ಯಾರು ಯಾರು ಕೂತಿದ್ದರೋ ಇರಲಿ, ಇವತ್ತು ಕೂತವರು ನೀವು. ಎದುರಿಗೆ ಗುಂಡಿ ತಿರುಗಿಸುತ್ತಾ ನಿಂತಿರುವವರು ತಕುವೊ ಅಒಯಾಗಿ. ವಯಸ್ಸು ಮೂವತ್ತಾರು, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಈ ಕಂಪನಿಗೆ ಬಂದದ್ದು ಹಿಂದಿನ ವರ್ಷ. ಅವರ ಕಣ್ಣು ನಿಮ್ಮ ಮುಖದ ಮೇಲಿಲ್ಲ, ಆ ಹಲ್ಲುಗಳ ಮೇಲಿದೆ. ಆ ಹಲ್ಲುಗಳು ಹೋಗಬೇಕು.

ಯಾಕೆಂದರೆ ಅವರು ಹುಡುಕುತ್ತಿರುವುದು ಬೇರೆಯದನ್ನು. ಹೃದಯ ಒಂದು ನಿಮಿಷಕ್ಕೆ ಎಷ್ಟು ರಕ್ತ ಹೊರದೂಡುತ್ತದೆ ಎಂಬುದು ಅವರ ಪ್ರಶ್ನೆ. ತೋಳಿನ ರಕ್ತನಾಳಕ್ಕೆ ಹಸಿರು ಬಣ್ಣದ ದ್ರವ ಚುಚ್ಚುತ್ತಾರೆ. ಅದು ಹೃದಯ ದಾಟಿ, ಶ್ವಾಸಕೋಶ ದಾಟಿ ಕಿವಿಗೆ ಬರುತ್ತದೆ. ಮೇಲಿನ ಮೆಟ್ಟಿಲಲ್ಲಿ ಹೊಳೆಗೆ ಕುಂಕುಮ ಸುರಿದು, ಕೆಳಗಿನ ಮೆಟ್ಟಿಲಲ್ಲಿ ನೀರಿನ ಕೆಂಪು ಏರಿ ಇಳಿಯುವುದನ್ನು ನೋಡಿದರೆ ಹೊಳೆಯ ಹರಿವು ಲೆಕ್ಕಕ್ಕೆ ಸಿಗುವ ಹಾಗೆ, ಇಲ್ಲಿ ರಕ್ತದ ಹರಿವು ಸಿಗುತ್ತದೆ. ಆದರೆ ಬಣ್ಣದ ಗೆರೆ ಏರುವಾಗಲೂ ಇಳಿಯುವಾಗಲೂ ಅದರ ಮೇಲೆ ನಿಮ್ಮ ನಾಡಿ ಹಲ್ಲು ಮೂಡಿಸುತ್ತದೆ. ಲೆಕ್ಕ ಕೆಡುತ್ತದೆ.

ಅದಕ್ಕೇ ಒಂದರ ಬದಲು ಎರಡು ಬೆಳಕು. ಒಂದನ್ನು ಆ ಹಸಿರು ಬಣ್ಣ ಹೀರುತ್ತದೆ, ಇನ್ನೊಂದನ್ನು ಮುಟ್ಟುವುದಿಲ್ಲ. ನಾಡಿ ಮಾತ್ರ ಎರಡರಲ್ಲೂ ಬಡಿಯುತ್ತದೆ. ಒಂದರ ಬಡಿತವನ್ನು ಇನ್ನೊಂದರ ಅಳತೆಗೆ ಸರಿದೂಗಿಸಿ ಕಳೆದುಬಿಟ್ಟರೆ ಹಲ್ಲು ಮಾಯ, ಬಣ್ಣ ಮಾತ್ರ ಉಳಿಯಬೇಕು. ಗುಂಡಿ ಒಂದಿಷ್ಟು ತಿರುಗುತ್ತದೆ. ಹಲ್ಲುಗಳು ಕುಗ್ಗುತ್ತವೆ. ಇನ್ನೊಂದಿಷ್ಟು. ಗೆರೆ ನೇರವಾಗುತ್ತದೆ. ನಿಮ್ಮ ಎದೆ ಬಡಿಯುತ್ತಲೇ ಇದೆ, ಕಾಗದದ ಮೇಲೆ ಮಾತ್ರ ಸದ್ದಿಲ್ಲ. ಕೆಲಸ ಮುಗಿದಂತೆ ಕಾಣುತ್ತದೆ.

ಈಗ ಉಸಿರನ್ನು ಪೂರ್ತಿ ಹೊರಬಿಡಿ. ಹಾಗೇ ಹಿಡಿಯಿರಿ.

ಮೊದಮೊದಲು ಏನೂ ಅನಿಸುವುದಿಲ್ಲ. ಬಲ್ಬಿನ ಬಿಸಿ, ಪೆನ್ನಿನ ಸರಸರ. ಸ್ವಲ್ಪ ಹೊತ್ತಿಗೆ ಗಂಟಲು ತಾನಾಗಿ ನುಂಗುತ್ತದೆ. ಪಕ್ಕೆಲುಬಿನ ಕೆಳಗೆ ಏನೋ ಎಳೆದಂತಾಗುತ್ತದೆ. ವಪೆ ಒಮ್ಮೆ ಜಗ್ಗುತ್ತದೆ. ತಡೆಯಿರಿ. ಮತ್ತೆ ಜಗ್ಗುತ್ತದೆ. ಕಣ್ಣಿನ ಹಿಂದೆ ಒತ್ತಡ, ಕಿವಿಯಲ್ಲಿ ಗುಂಯ್ ಎಂಬ ಸದ್ದು, ಬೆರಳುಗಳು ಕುರ್ಚಿಯ ತೋಳನ್ನು ಹಿಡಿದಿವೆ. ಇನ್ನಾಗದು. ಇನ್ನೊಂದು ಕ್ಷಣ. ಆಗ ಕಾಗದದ ಮೇಲೆ ಒಂದು ಹಲ್ಲು ಏಳುತ್ತದೆ. ಅದರ ಹಿಂದೆ ಇನ್ನೊಂದು. ಸರಿದೂಗಿದ್ದ ಗೆರೆ ಒಡೆದಿದೆ.

ನೀವು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತೀರಿ. ಎದೆ ತುಂಬಿದ ಮೇಲೂ ಹಲ್ಲುಗಳು ಕೆಲವು ಕ್ಷಣ ಹಾಗೇ ಇರುತ್ತವೆ. ಹೊಸ ಉಸಿರು ಹತ್ತಿದ ರಕ್ತ ಶ್ವಾಸಕೋಶದಿಂದ ಕಿವಿಯವರೆಗೆ ಬರಬೇಕಲ್ಲ! ಬಂತು. ಗೆರೆ ಮತ್ತೆ ಮಲಗಿತು.

ಇಲ್ಲಿ ಅಒಯಾಗಿ ಎದುರು ಎರಡು ದಾರಿಗಳಿವೆ. ಒಂದು ಸುಲಭದ್ದು. ಪರೀಕ್ಷೆಯ ಹೊತ್ತಿಗೆ ರೋಗಿ ಸರಿಯಾಗಿ ಉಸಿರಾಡಲಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಬರೆದು, ಹೊರಟ ಕೆಲಸ ಮುಗಿಸುವುದು. ಇನ್ನೊಂದು, ಕೈಯಲ್ಲಿರುವ ಕೆಲಸ ಬಿಟ್ಟು ತನ್ನ ಲೆಕ್ಕವನ್ನು ಕೆಡಿಸಿದ ಆ ಹಲ್ಲಿನ ಬೆನ್ನು ಹತ್ತುವುದು. ಅವರು ಎರಡನೆಯದನ್ನು ಹಿಡಿಯುತ್ತಾರೆ.

ನಿಮ್ಮ ಕಿವಿಯ ಒಳಗೆ ಆದದ್ದು ಇಷ್ಟು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹೀರದೆ ಬಿಟ್ಟುಕೊಡುತ್ತದೆ. ಆಮ್ಲಜನಕ ಕಳೆದುಕೊಂಡದ್ದು ಅದನ್ನೇ ನುಂಗುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಇದು ತಿರುವುಮುರುವು. ಉಸಿರು ನಿಂತಾಗ ರಕ್ತದ ಬಣ್ಣ ಬದಲಾಯಿತು, ಎರಡು ಬೆಳಕಿನ ನಡುವಿನ ಸಮತೋಲ ತಪ್ಪಿತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಾಡಿ ಬಡಿದ ಕ್ಷಣ ಕಿವಿಯಲ್ಲಿ ಹೆಚ್ಚುವುದು ಅಪಧಮನಿಯ ರಕ್ತವೊಂದೇ. ಚರ್ಮ ಹೆಚ್ಚುವುದಿಲ್ಲ, ಮೃದ್ವಸ್ಥಿ ಹೆಚ್ಚುವುದಿಲ್ಲ, ಸಿರೆಗಳ ರಕ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾದರೆ ಬಡಿಯುವ ಭಾಗವನ್ನು ಮಾತ್ರ ಹಿಡಿದು ಎರಡು ಬೆಳಕಿನಲ್ಲಿ ಹೋಲಿಸಿದರೆ, ಅಪಧಮನಿಯಲ್ಲಿ ಎಷ್ಟು ಆಮ್ಲಜನಕವಿದೆ ಎಂಬುದು ಹೊರಗಿನಿಂದಲೇ ಸಿಗಬೇಕು. ಅಳಿಸಲು ಹೊರಟಿದ್ದ ಹಲ್ಲುಗಳೇ ಈಗ ಅಳತೆಗೋಲು.

ಅಲ್ಲಿಯವರೆಗೆ ಈ ಅಳತೆ ಹೇಗಿತ್ತು ಎಂದು ನಿಮ್ಮ ಮಣಿಕಟ್ಟು ತಿಳಿದುಕೊಳ್ಳಲಿ. ಆಳದಲ್ಲಿ ಬಡಿಯುವ ಧಮನಿಯನ್ನು ಬೆರಳಲ್ಲಿ ಹುಡುಕಿ ಸೂಜಿ ಇಳಿಸುತ್ತಾರೆ. ಮೂಳೆಯವರೆಗೂ ಹೋದಂಥ ನೋವು. ರಕ್ತ ಲ್ಯಾಬಿಗೆ ಹೋಗಿ ಉತ್ತರ ಬರುವ ಹೊತ್ತಿಗೆ ಅದು ಹಳೆಯ ಸುದ್ದಿ. ಕಿವಿಗೆ ಹಾಕುವ ಉಪಕರಣಗಳೂ ಇದ್ದವು. 1940ರ ದಶಕದ ಕೊನೆಗೆ ಅಮೆರಿಕದ ಅರ್ಲ್ ವುಡ್ ಮಾಡಿದ್ದು ಮೊದಲು ಕಿವಿಯನ್ನು ಒತ್ತಿ ರಕ್ತವನ್ನೆಲ್ಲ ಹಿಂಡಿ, ಆಮೇಲೆ ಬಿಟ್ಟು ವ್ಯತ್ಯಾಸ ನೋಡುತ್ತಿತ್ತು. ಉಳಿದಂತೆ ವೈದ್ಯರಿಗೆ ಕಣ್ಣೇ ಗತಿ. ತುಟಿ ನೀಲಿಗಟ್ಟಿದೆಯೇ, ಉಗುರು ಕಪ್ಪಿಟ್ಟಿದೆಯೇ ಎಂದು ನೋಡಬೇಕು. ಆ ಕಣ್ಣನ್ನು 1947ರಲ್ಲಿ ಜೂಲಿಯಸ್ ಕಾಮ್ರೋ ಮತ್ತು ಬೊಟೆಲ್ಹೊ ಎಂಬ ಸಂಶೋಧಕರು ಪರೀಕ್ಷೆಗೆ ಒಡ್ಡಿದರು. ಆಮ್ಲಜನಕ ಶೇ. 80ರ ಆಸುಪಾಸಿಗೆ ಇಳಿಯುವವರೆಗೆ ನೋಡಿದವರಲ್ಲಿ ಹೆಚ್ಚಿನವರಿಗೆ ನೀಲಿ ಖಚಿತವಾಗಿ ಕಾಣಲೇ ಇಲ್ಲ.

1974ರ ಏಪ್ರಿಲ್‌ನಲ್ಲಿ ಒಸಾಕದ ಸಮ್ಮೇಳನವೊಂದರಲ್ಲಿ ಅಒಯಾಗಿ ಮತ್ತು ಸಂಗಡಿಗರು ನಾಡಿಯ ಬಡಿತದಿಂದ ಆಮ್ಲಜನಕ ಅಳೆಯುವ ಉಪಾಯವನ್ನು ಮಂಡಿಸುತ್ತಾರೆ. ಅದೇ ವಸಂತದಲ್ಲಿ ಮಿನೋಲ್ಟಾ ಕಂಪನಿಯೂ ಇಂಥದೇ ಉಪಾಯಕ್ಕೆ ಪೇಟೆಂಟ್ ಕೇಳಿದೆ. 1975ರಲ್ಲಿ ನಿಹೊನ್ ಕೊಹ್ಡೆನ್ ಕಿವಿಯ ಉಪಕರಣವನ್ನು ಮಾರುಕಟ್ಟೆಗೆ ತರುತ್ತದೆ. ಅಷ್ಟಕ್ಕೆ ಅಲ್ಲಿನ ಉತ್ಸಾಹ ತಣಿಯುತ್ತದೆ. ಉಪಾಯ ಸಾಗರ ದಾಟಿ ಅಮೆರಿಕದ ಶಸ್ತ್ರಚಿಕಿತ್ಸಾ ಕೋಣೆಗಳಲ್ಲಿ ಬೇರೆಯವರ ಕೈಯಲ್ಲಿ ಬೆಳೆಯುತ್ತದೆ. ಬಲ್ಬಿನ ಜಾಗಕ್ಕೆ ಎಲ್‌ಇಡಿ ಬರುತ್ತದೆ, ಕಿವಿಯ ಜಾಗಕ್ಕೆ ಬೆರಳು.

ಅಂಥದೊಂದು ಕೋಣೆಗೆ ಬನ್ನಿ. 1980ರ ದಶಕದ ನಡುಭಾಗ, ನೀವೀಗ ಅರಿವಳಿಕೆ ವೈದ್ಯರು. ರೋಗಿಯ ಮೈಮೇಲೆಲ್ಲ ಹಸಿರು ಬಟ್ಟೆ, ಮೂಗಿಗೆ ಅಡರುವ ಅರಿವಳಿಕೆ ಗ್ಯಾಸಿನ ಸಿಹಿ ವಾಸನೆ. ಪಕ್ಕದಲ್ಲಿ ನೆಲ್‌ಕಾರ್ ಕಂಪನಿಯ ಪಲ್ಸ್ ಆಕ್ಸಿಮೀಟರ್, ಅಂದರೆ ನಾಡಿಯಿಂದ ಆಮ್ಲಜನಕ ಅಳೆಯುವ ಪೆಟ್ಟಿಗೆ, ಬೀಪ್ ಬೀಪ್ ಎನ್ನುತ್ತಿದೆ. ಆಮ್ಲಜನಕ ಇಳಿದರೆ ಬೀಪಿನ ಸ್ವರವೂ ಇಳಿಯುತ್ತದೆ. ನೀವು ತಲೆ ತಗ್ಗಿಸಿ ಚಾರ್ಟಿನಲ್ಲಿ ಏನೋ ಬರೆಯುತ್ತಿದ್ದೀರಿ. ಸ್ವರ ಒಂದು ಎಳೆ ಇಳಿಯಿತೇ? ಪೆನ್ನು ನಿಲ್ಲುತ್ತದೆ. ಹೌದು, ಇಳಿಯಿತು. 95. 93. ತುಟಿ ನೋಡೋಣವೆಂದರೆ ಬಟ್ಟೆಯ ಮರೆ. 91. ಈಗ ಅವಸರ ಯಾಕೆಂದು ನಿಮ್ಮ ಬೆನ್ನುಹುರಿಗೆ ಗೊತ್ತು. ತೊಂಬತ್ತರವರೆಗೆ ಇಳಿಜಾರು ಮೆಲ್ಲಗಿದೆ, ಅಲ್ಲಿಂದ ಕೆಳಗೆ ಕಡಿದು. ಬಟ್ಟೆ ಎತ್ತಿ ಕೈಹಾಕುತ್ತೀರಿ. ಕೊಳವೆ. ಜೋಡಣೆ. ಕಳಚಿದೆ! ಒತ್ತಿ ಸಿಗಿಸುತ್ತೀರಿ, ಚೀಲ ಹಿಂಡುತ್ತೀರಿ, ಎದೆ ಏರುತ್ತದೆ. ಸ್ವರ ಇನ್ನೂ ಇಳಿಯುತ್ತಲೇ ಇದೆ, ಯಾಕೆಂದರೆ ರಕ್ತ ಬೆರಳ ತುದಿ ಮುಟ್ಟಬೇಕು. ಹಿಂಡಿ. ಹಿಂಡಿ. ಈಗ ಸ್ವರ ಏರಿತು. ಕೈಗವಸಿನೊಳಗೆ ಬೆವರು.

ಈ ಪೆಟ್ಟಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ 2021ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಮ್ಮ ಮನೆಯಲ್ಲಿ, ಮಾತ್ರೆಗಳ ಡಬ್ಬದ ಪಕ್ಕ ಕೂತಿದೆ. ಹೊರಗೆ ಸೈರನ್ನು ನಿಂತರೆ ಇನ್ನೊಂದು ಶುರು. ಅಮ್ಮನಿಗೆ ಜ್ವರ ಬಂದು ವಾರವಾಯಿತು. "ನಂಗೇನೂ ಆಗಿಲ್ಲ, ಸುಮ್ನೆ ಗಾಬರಿ ಆಗಬೇಡ" ಎನ್ನುತ್ತಾರೆ, ಎನ್ನುತ್ತಲೇ ಕಾಫಿ ಕೇಳುತ್ತಾರೆ. ಮುಖದಲ್ಲಿ ಏನೂ ಇಲ್ಲ. ಕೋವಿಡ್ ಹಾಗೆಯೇ, ಏದುಸಿರಿಲ್ಲದೆಯೂ ಆಮ್ಲಜನಕ ಕಸಿಯಬಲ್ಲದು. ಅವರ ಬೆರಳನ್ನು ಕ್ಲಿಪ್ಪಿನೊಳಗೆ ಇಡುತ್ತೀರಿ. ಕೆಂಪು ಬೆಳಕು ಉಗುರಿನ ಅಂಚಿನಿಂದ ಸೋರುತ್ತದೆ. ಎರಡು ಗೀಟು ಮಿನುಗಿ ಅಂಕಿ ಬರುತ್ತದೆ. 93.

ಬೆರಳು ತಣ್ಣಗಿದೆ. ತಣ್ಣನೆಯ ಬೆರಳಲ್ಲಿ ನಾಡಿ ಕ್ಷೀಣ, ಅಂಕಿ ತಪ್ಪಬಹುದು. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುತ್ತೀರಿ. ಉಗುರುಬಣ್ಣ ಇಲ್ಲವಲ್ಲ ಎಂದು ನೋಡುತ್ತೀರಿ. ಕೈ ಅಲುಗಬಾರದು. ಈ ಸಲ ಇನ್ನೊಂದು ಕೈಯ ನಡುಬೆರಳು, ಒಂದು ನಿಮಿಷ ಕಾಯುತ್ತೀರಿ. 92.

ಇನ್ನೊಂದು ಸಂಗತಿಯೂ ನಿಮ್ಮ ತಲೆಯಲ್ಲಿದೆ. ಚರ್ಮ ಬಡಿಯುವುದಿಲ್ಲ, ಹಾಗಾಗಿ ಅದು ಲೆಕ್ಕದಿಂದ ಹೊರಗೆ ಎಂಬ ನಂಬಿಕೆ ಪೂರ್ತಿ ನಿಜವಾಗಿ ಉಳಿದಿಲ್ಲ. 2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಹೋಲಿಕೆ ಪ್ರಕಟಿಸಿದರು. ಬೆರಳಿನ ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ಧಮನಿಯ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಕಪ್ಪು ಚರ್ಮದ ಮೇಲೆ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸಿಬಿಡಬಹುದು. ಅಮ್ಮನ ಮೈಬಣ್ಣ ಕಪ್ಪು. 92 ಎಂದರೆ ನಿಜಕ್ಕೂ 92ಯೋ, ಇನ್ನೂ ಕಡಿಮೆಯೋ?

ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಖಾತ್ರಿಯಿಲ್ಲ. ಮನೆಯಲ್ಲೇ ಇದ್ದರೆ ಬೆಳಗಿನ ಹೊತ್ತಿಗೆ 85 ಆಗಬಹುದು. ಕರೆದೊಯ್ದರೆ ಬಾಗಿಲಲ್ಲಿ ಕಾಯಬೇಕಾಗಬಹುದು. ಅಒಯಾಗಿ ತೀರಿಕೊಂಡದ್ದು 2020ರ ಏಪ್ರಿಲ್ 18ರಂದು, 84ನೇ ವಯಸ್ಸಿನಲ್ಲಿ. ಅವರು ಕೊಟ್ಟು ಹೋದದ್ದು ಅಂಕಿಯನ್ನು. ಹೋಗುವುದೋ ಇರುವುದೋ ಎಂಬುದನ್ನು ತೀರ್ಮಾನಿಸುವವರು ನೀವು. ಮನೆಯಲ್ಲಿ ಆರೈಕೆಯಾಗುವವರಿಗೆ ಸರ್ಕಾರ ಹೇಳಿದ್ದ ಗಡಿ 94, ಅಮ್ಮ ಅದನ್ನು ದಾಟಿ ಆಗಿದೆ. ಅವರನ್ನು ಬೋರಲಾಗಿ ಮಲಗಿಸಿ, ಎದೆಯ ಕೆಳಗೊಂದು ದಿಂಬು ಇಡಿ. ಕ್ಲಿಪ್ಪು ಬೆರಳಲ್ಲೇ ಇರಲಿ. 108ಕ್ಕೆ ಕರೆ ಮಾಡಿ, ಬ್ಯುಸಿ ಬಂದರೆ ಮತ್ತೆ ಮಾಡಿ. ಹೆಸರು, ವಿಳಾಸ, ವಯಸ್ಸಿಗಿಂತ ಮುಂಚೆ ಸ್ಯಾಚುರೇಷನ್, ಅಂದರೆ ಆ ಅಂಕಿ, ಎಷ್ಟೆಂದು ಹೇಳಿ. ಅಮ್ಮ ಬೇಡ ಎಂದರೆ ಕೇಳಬೇಡಿ.