ಏಳು ಸೆಕೆಂಡು

ಒಂದು ಗಂಟೆಯ ಸಂದರ್ಶನವನ್ನು ಬರಹಕ್ಕಿಳಿಸಲು 4ರಿಂದ 6 ಗಂಟೆ ಬೇಕು ಎಂಬುದು ಸಂಶೋಧಕರ ರೂಢಿಯ ಲೆಕ್ಕ. ಅದು ಒಂದೇ ಭಾಷೆಯಲ್ಲಿ ಬದುಕಿದವರನ್ನು ನೋಡಿ ಹಾಕಿದ್ದಿರಬೇಕು.

ಅಕ್ಕನ ಮಗಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಫೋರ್ಟ್ ಕಡೆಯ ನೈಟ್ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿದ ಉಡುಪಿ, ಕುಂದಾಪುರದ ಹುಡುಗರು ಈಗ ಎಪ್ಪತ್ತು ದಾಟಿ ಥಾಣೆ, ಡೊಂಬಿವಲಿ, ಕಲ್ಯಾಣ, ನೆರೂಲ್‌ಗಳ ಫ್ಲ್ಯಾಟುಗಳಲ್ಲಿದ್ದಾರೆ. ಅವಳು ಮಾತಾಡಿಸಿ ಬರುತ್ತಾಳೆ, ಕೆಲವು ರೆಕಾರ್ಡಿಂಗ್ ನನ್ನ ಪಾಲಿಗೆ. ಬೆಳಿಗ್ಗೆ ಡೊಂಬಿವಲಿಯಿಂದ ಥಾಣೆಯವರೆಗೆ ಕಿಸೆಗೆ ಕೈ ಹಾಕಲೂ ಜಾಗವಿಲ್ಲ. ಅಲ್ಲಿ ಐರೋಲಿಯ ಗಾಡಿ ಹಿಡಿದ ಮೇಲೆ ಇಯರ್‌ಫೋನು. ಟೈಪಿಂಗ್ ರಾತ್ರಿ.

ಕಲ್ಯಾಣದ ಅಜ್ಜರ ಒಂದು ವಾಕ್ಯ ನೋಡಿ: "ಸೇಠ್ ಹತ್ರ ಛುಟ್ಟಿ ಕೇಳ್ಲಿಕ್ಕೆ ಪೋಡಿಗೆ ನಂಗೆ. ಮಾಸ್ತರು ಘಾಬರೂ ನಕೋ ಹೇಳಿದ್ರು." ಕನ್ನಡ, ತುಳು, ಹಿಂದಿ, ಮರಾಠಿ ಎಲ್ಲ ಇದರಲ್ಲೇ ಇವೆ. ಕರಡು ನೋಡಿದ ಹಿರಿಯರೊಬ್ಬರು ಇದನ್ನು ಶುದ್ಧ ಮಾಡಲು ಹೇಳಿದರಂತೆ: "ಮಾಲಿಕರಲ್ಲಿ ರಜೆ ಕೇಳಲು ಭಯವಾಗುತ್ತಿತ್ತು, ಉಪಾಧ್ಯಾಯರು ಧೈರ್ಯ ತುಂಬಿದರು." ಓದಲು ಸಲೀಸು, ನಿಜ. ಆದರೆ ಹೀಗೆ ಮಾತಾಡುವವರು ಯಾರೋ ನಿವೃತ್ತ ಹೆಡ್‌ಮಾಸ್ತರರು, ನಮ್ಮ ಅಜ್ಜರಲ್ಲ. ಕನ್ನಡ ಶಾಲೆಯ ಮಾಸ್ತರು ಮರಾಠಿಯಲ್ಲಿ ಧೈರ್ಯ ಹೇಳಿದ್ದೇಕೆ? ಪ್ರಬಂಧಕ್ಕೆ ಬೇಕಾದ ಆ ಪ್ರಶ್ನೆಯೇ ಶುದ್ಧಿಯಲ್ಲಿ ತೊಳೆದುಹೋಗುತ್ತದೆ.

ಯಂತ್ರಕ್ಕೂ ಕೊಟ್ಟು ನೋಡಿದೆ. ಓಪನ್‌ಎಐ 2022ರಲ್ಲಿ ಹೊರತಂದ ವಿಸ್ಪರ್‌ಗೆ ಕನ್ನಡ, ಮರಾಠಿ ಗೊತ್ತು, ತುಳು ಅದರ ಪಟ್ಟಿಯಲ್ಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮೌನದ್ದು. ಮಾಲಿಕರು ಹೇಗಿದ್ದರು ಎಂದು ಇವಳು ಕೇಳುತ್ತಾಳೆ. "ಒಳ್ಳೆಯವ್ರೇ." ಆಮೇಲೆ ಫ್ಯಾನಿನ ಸದ್ದು, ಒಳಗಿಂದ ಕುಕ್ಕರಿನ ಒಂದು ಸೀಟಿ. ನಂತರ, "ಊಟಕ್ಕೆ ಕಮ್ಮಿ ಮಾಡ್ಲಿಲ್ಲ." ನಡುವಿನ ಆ ಜಾಗದಲ್ಲಿ ಯಂತ್ರ "ಧನ್ಯವಾದಗಳು" ಎಂದು ಬರೆದಿತ್ತು! ಯಾರೂ ಆಡದ ಮಾತನ್ನು ಸೇರಿಸುವ ಈ ಚಾಳಿಯನ್ನು ಅಲಿಸನ್ ಕೊನೆಕೆ ಮತ್ತು ಸಂಗಡಿಗರು 2024ರಲ್ಲಿ ದಾಖಲಿಸಿದ್ದಾರೆ. ತಡೆತಡೆದು ಮಾತಾಡುವವರ ಧ್ವನಿಯಲ್ಲಿ ಅದು ಹೆಚ್ಚಂತೆ.

ಗೇಲ್ ಜೆಫರ್ಸನ್ ರೂಪಿಸಿದ ಪದ್ಧತಿಯಲ್ಲಿ ಮೌನವನ್ನು ಸೆಕೆಂಡಿನಲ್ಲಿ ಅಳೆದು ಕಂಸದಲ್ಲಿ ಬರೆಯುತ್ತಾರೆ. ನಾನು (7.0) ಎಂದು ಬರೆದೆ.

ಅಚ್ಚಿಗೆ ಮೊದಲು ಮಾತಾಡಿದವರಿಗೆ ತೋರಿಸುವುದು ಇವಳ ಕ್ರಮ. ಭಾನುವಾರ ನಾನೂ ಜೊತೆಗೆ ಹೋದೆ. ಅಜ್ಜರು ಬೆರಳಿಟ್ಟು ಓದುತ್ತ ಆ ಅಂಕಿಯ ಹತ್ತಿರ ನಿಂತರು. "ಇದೆಂತ?"

"ನೀವು ಸುಮ್ಮನಿದ್ದದ್ದು. ಬೇಡವಾದರೆ ತೆಗೀತೇವೆ," ಅಂದಳು.

"ಅದು ಇರ್ಲಿ. ಹೋಟೆಲಿನ ಹೆಸ್ರು ತೆಗೀರಿ. ಅವರ ಮಗ ನಮ್ಮ ಮನೆ ಮದುವೆಗೆಲ್ಲ ಬರ್ತಾನೆ," ಅಂದು ಮುಂದಿನ ಪುಟ ತಿರುವಿದರು.