ಗೋಲಗುಮ್ಮಟದ ಮಿನಾರು ಬಾಗಿದ್ದೇಕೆ?

ವಿಜಯಪುರದ ಗೋಲಗುಮ್ಮಟ ಸುಮಾರು 51 ಮೀಟರ್ ಎತ್ತರ. ದೂರ ಹೋಗೋಣವೆಂದರೆ ಎದುರಿನ ಮ್ಯೂಸಿಯಂ ಅಡ್ಡ ಬರುತ್ತದೆ. ಶಾಲಾ ಪ್ರವಾಸದಲ್ಲಿ ನಾನು ಹತ್ತಿರದಿಂದಲೇ ಕ್ಯಾಮೆರಾ ಮೇಲಕ್ಕೆ ವಾಲಿಸಿ ಫೋಟೋ ತೆಗೆದೆ. ಪ್ರಿಂಟು ಬಂದಾಗ ನೋಡಿದರೆ ಏಳು ಅಂತಸ್ತಿನ ಮಿನಾರುಗಳು ಒಳಕ್ಕೆ ಬಾಗಿವೆ!

"ಸರ್, ಇವು ಬೀಳ್ತಾವಾ?" ಹುಡುಗಿಯೊಬ್ಬಳು ಕೇಳಿದಳು.

"ಲೆನ್ಸ್ ಸರಿಯಿಲ್ಲಮ್ಮಾ" ಎಂದುಬಿಟ್ಟೆ. ತಪ್ಪು ಉತ್ತರ.

ಪಾಪ, ಲೆನ್ಸಿನದೇನೂ ತಪ್ಪಿರಲಿಲ್ಲ. ಕ್ಯಾಮೆರಾ ವಾಲಿದರೆ ಒಳಗಿನ ಫಿಲ್ಮೂ ವಾಲುತ್ತದೆ, ಗೋಡೆಗೆ ಸಮಾಂತರವಾಗಿ ಉಳಿಯುವುದಿಲ್ಲ. ಆಗ ಕಟ್ಟಡದ ತುದಿ ಬುಡಕ್ಕಿಂತ ಕಿರಿದಾಗಿ ಮೂಡುತ್ತದೆ. ಫಿಲ್ಮ್ ನೆಟ್ಟಗಿದ್ದರೆ ಮಿನಾರುಗಳೂ ನೆಟ್ಟಗೆ ಬರುತ್ತವೆ. ಆದರೆ ಗುಮ್ಮಟ ಚೌಕಟ್ಟಿನ ಹೊರಗುಳಿಯುತ್ತದೆ.

ಇದಕ್ಕೆಂದೇ ಇರುವುದು ಶಿಫ್ಟ್ ಲೆನ್ಸ್. ಸಾಮಾನ್ಯ ಲೆನ್ಸ್ ಮೂಡಿಸುವ ಬಿಂಬದ ವೃತ್ತ ಫಿಲ್ಮನ್ನು ತುಂಬುವಷ್ಟೇ ಇರುತ್ತದೆ. ಇದರ ವೃತ್ತ ಇನ್ನೂ ದೊಡ್ಡದು. ಕ್ಯಾಮೆರಾ ಅಲುಗಿಸದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಿದರೆ, ವೃತ್ತದಲ್ಲಿ ಗುಮ್ಮಟವಿರುವ ಭಾಗ ಫಿಲ್ಮಿನ ಮೇಲೆ ಬಂದು ಕೂರುತ್ತದೆ, ಮುಂದಿನ ಹುಲ್ಲುಹಾಸು ಹೊರಗಾಗುತ್ತದೆ. ನಿಕಾನ್ 1962ರಲ್ಲಿ ತಂದ ಇಂಥ ಲೆನ್ಸ್ 11 ಮಿ.ಮೀ. ಸರಿಯುತ್ತಿತ್ತು. ಅಷ್ಟೇ ಸಾಕು! ಬೆಲೆ ಮಾತ್ರ ಮೇಷ್ಟ್ರ ಸಂಬಳಕ್ಕೆ ನಿಲುಕುವಂಥದ್ದಲ್ಲ.

ಮರುವರ್ಷ ಉದ್ಯಾನದ ಮೂಲೆಗೆ ಸರಿದು ಕ್ಯಾಮೆರಾ ನೆಟ್ಟಗೆ ಹಿಡಿದೆ. ಮಿನಾರುಗಳು ನೆಟ್ಟಗಾದವು, ಚಿತ್ರದ ಕೆಳಗಿನರ್ಧ ಬರೀ ನೆಲ. ಅದನ್ನೇ ಆ ಹುಡುಗಿಗೆ ತೋರಿಸಿ, ಹಿಂದಿನ ಉತ್ತರ ತಿದ್ದಿಕೊಂಡೆ.