ಎರಡು ಎಕರೆ ಇಪ್ಪತ್ತು ಗುಂಟೆ

8 ಜುಲೈ 2024, ಸೋಮವಾರ. ಗುತ್ತೂರು

ದಾವಣಗೆರೆಯ ರೈತ ಕಂಪನಿಯವರು ಕೊಟ್ಟ ಕೆಲಸವನ್ನು ಇವತ್ತು ಬಿಚ್ಚಿ ನೋಡಿದೆ. ಭತ್ತ ಮಾರುವ ಸದಸ್ಯರು ಆನ್‌ಲೈನಿನಲ್ಲಿ ಹೆಸರು ಬರೆಸುವ ಫಾರಂ. ಹೆಸರು, ಊರು, ತಾಲ್ಲೂಕು, ಜಿಲ್ಲೆ, ಸರ್ವೆ ನಂಬರು, ವಿಸ್ತೀರ್ಣ, ಮೊಬೈಲು, ಬ್ಯಾಂಕ್ ಖಾತೆ, ಆಧಾರ್. ನೋಡೋದಕ್ಕೆ ಅಚ್ಚುಕಟ್ಟಾಗಿದೆ. ಮೊಬೈಲಿಗೆ ಒಂಬತ್ತೇ ಅಂಕಿ ಹಾಕಿದರೆ ಖಾನೆ ಕೆಂಪಗಾಗುತ್ತದೆ, ಹೆಸರು ಬಿಟ್ಟರೆ ಮುಂದಕ್ಕೆ ಬಿಡುವುದಿಲ್ಲ. ಆದರೆ ಈ ಬಿಗಿಯೆಲ್ಲ ಬ್ರೌಸರಿನಲ್ಲಿ. ಸರ್ವರ್ ಕಡೆಯ ಕೋಡಿನಲ್ಲಿ ಒಂದು ಸಾಲಿನ ತಪಾಸಣೆಯೂ ಇಲ್ಲ. ಬಂದದ್ದನ್ನು ಬಂದ ಹಾಗೇ ಡೇಟಾಬೇಸಿಗೆ ಸುರಿದುಕೊಳ್ಳುತ್ತದೆ.

ಬ್ರೌಸರ್ ಮುಚ್ಚಿ, ಟರ್ಮಿನಲ್ ತೆಗೆದು, ಕರ್ಲ್ ಕಮ್ಯಾಂಡಿನಿಂದ ಸರ್ವರಿಗೇ ನೇರವಾಗಿ ಒಂದು ಅರ್ಜಿ ಕಳಿಸಿದೆ. ವಿಸ್ತೀರ್ಣ ಮೈನಸ್ ಐದು ಎಕರೆ. ತಾಲ್ಲೂಕು ಲಂಡನ್. ಮೊಬೈಲು "ಗೊತ್ತಿಲ್ಲ". ಫಾರಂನಲ್ಲಿ ಕಣ್ಣಿಗೆ ಕಾಣದಂತೆ ಇಟ್ಟಿದ್ದ ಸದಸ್ಯತ್ವ ಶುಲ್ಕದ ಖಾನೆಗೆ ಒಂದು ರೂಪಾಯಿ. ಉತ್ತರ ಬಂತು: "ನಿಮ್ಮ ನೋಂದಣಿ ಯಶಸ್ವಿಯಾಗಿದೆ."

ಜಾವಾಸ್ಕ್ರಿಪ್ಟ್ 1995ರಲ್ಲಿ ನೆಟ್‌ಸ್ಕೇಪಿನಲ್ಲಿ ಹುಟ್ಟಿದಾಗ ಅದಕ್ಕೆ ಹಚ್ಚಿದ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು: ಖಾಲಿ ಬಿಟ್ಟ ಖಾನೆಯನ್ನು ಅಲ್ಲೇ ತೋರಿಸುವುದು. ಮೋಡೆಮ್ಮಿನ ಕಾಲದಲ್ಲಿ ಸರ್ವರಿಗೆ ಹೋಗಿ ಬರುವಷ್ಟರಲ್ಲಿ ಜನ ಬೇಸತ್ತು ಹೋಗುತ್ತಿದ್ದರು. ಅಂದರೆ ಅದು ತುಂಬುವವರಿಗೆ ಮಾಡಿದ ಅನುಕೂಲ, ನಮಗೆ ಕೊಟ್ಟ ಭದ್ರತೆಯಲ್ಲ. ಬ್ರೌಸರ್ ಇರುವುದು ಅವರ ಕೈಯಲ್ಲಿ. ಅದರಲ್ಲಿ ಓಡುವ ಕೋಡನ್ನು ಅವರು ನಿಲ್ಲಿಸಬಹುದು, ತಿದ್ದಬಹುದು, ನನ್ನ ಹಾಗೆ ಪೂರಾ ಬಿಟ್ಟೇ ಬರಬಹುದು. ನಮ್ಮ ಕೈಯಲ್ಲಿರುವುದು ಸರ್ವರ್ ಮಾತ್ರ.

ಶುಲ್ಕದ ಖಾನೆಯನ್ನು ರಾತ್ರಿಯೇ ಕಿತ್ತು ಹಾಕಿದೆ. ಎಷ್ಟು ಶುಲ್ಕ ಎಂಬುದನ್ನು ಕಂಪನಿ ಸದಸ್ಯರಿಗೆ ಹೇಳಬೇಕು, ಸದಸ್ಯರು ಕಂಪನಿಗಲ್ಲ.

10 ಜುಲೈ, ಬುಧವಾರ

ಇಡೀ ದಿನ ವಿಸ್ತೀರ್ಣದ ಖಾನೆಯಲ್ಲೇ ಹೋಯಿತು.

ಹಳೆಯ ಫಾರಂನಲ್ಲಿ ಅದು ಒಂದೇ ಖಾನೆ, ಪಕ್ಕದಲ್ಲಿ "ಎಕರೆ" ಅಂತಿದೆ. ಅಪ್ಪನಿಗೆ ಲ್ಯಾಪ್‌ಟಾಪ್ ಕೊಟ್ಟು ನಮ್ಮ ಹೊಲದ್ದು ತುಂಬು ಅಂದೆ. ಕನ್ನಡಕ ಏರಿಸಿ 2.20 ಎಂದು ಒತ್ತಿದರು.

"ಎಷ್ಟಾತಪ್ಪ ಇದು?"

"ಎರಡು ಎಕರೆ ಇಪ್ಪತ್ತು ಗುಂಟೆ. ಅಂದ್ರ ಎರಡೂವರೆ. ಪಹಣಿ ಒಳಗ ಹಂಗೇ ಐತಲ್ಲವ್ವ."

ಪಹಣಿಯಲ್ಲಿ ಇರುವುದು ಹಾಗೇ. ಎಕರೆ, ಚುಕ್ಕಿ, ಗುಂಟೆ, ಆಮೇಲೆ ಆಣೆ. ನಲವತ್ತು ಗುಂಟೆಗೆ ಒಂದು ಎಕರೆ. ಕಂಪ್ಯೂಟರಿಗೆ ಆ ಚುಕ್ಕಿ ದಶಮಾಂಶ. 2.20 ಎಂದರೆ ಅದರ ಲೆಕ್ಕದಲ್ಲಿ ಎರಡೂಕಾಲಿಗಿಂತಲೂ ಕಡಿಮೆ. ಅಪ್ಪನ ಹೊಲದಲ್ಲಿ ಹನ್ನೆರಡು ಗುಂಟೆ ಮಾಯ. ಕಂಪನಿ ಎಕರೆ ಲೆಕ್ಕದಲ್ಲಿ ಖರೀದಿಯ ಮಿತಿ ಹಾಕುವುದರಿಂದ ಅಷ್ಟು ಜಾಗದ ಭತ್ತವೂ ಮಾಯ. ಎರಡು ಎಕರೆ ಹತ್ತು ಗುಂಟೆಯವರ ಪಾಡು ಇನ್ನೂ ಚೆಂದ: 2.10 ಅನ್ನು ಸಂಖ್ಯೆಯಾಗಿ ಉಳಿಸಿದರೆ ಕೊನೆಯ ಸೊನ್ನೆ ಉದುರಿ 2.1 ಆಗುತ್ತದೆ. ಮತ್ತೆ ಗುಂಟೆಯೆಂದು ಓದಿದರೆ ಒಂದೇ ಗುಂಟೆ.

ಕಾಲೇಜಿನಲ್ಲಿ ಓದಿದ ಮಕ್ಕಳು ಅಪ್ಪನ ಪರವಾಗಿ ತುಂಬುವಾಗ 2.5 ಎಂದು ಹಾಕುತ್ತಾರೆ. ಅದು ಎರಡೂವರೆಯೋ, ಎರಡು ಎಕರೆ ಐದು ಗುಂಟೆಯೋ? ಎರಡೂ ಆಗಬಹುದು. "ಸೊನ್ನೆಗಿಂತ ದೊಡ್ಡ ಸಂಖ್ಯೆ" ಎಂಬ ನಿಯಮ ಎರಡನ್ನೂ ನಗುನಗುತ್ತಾ ಒಳಗೆ ಬಿಡುತ್ತದೆ.

ಕಂಪನಿಯ ವ್ಯವಸ್ಥಾಪಕರಿಗೆ ಫೋನ್ ಮಾಡಿ ಹೇಳಿದೆ. "ಚುಕ್ಕಿ ಆದ್ಮೇಲೆ 39 ದಾಟಿದ್ರೆ ದಶಮಾಂಶ ಅಂತ ತಿಳ್ಕೊಳ್ಳೋ ಹಂಗೆ ಮಾಡಿಬಿಡ್ರಿ ಮೇಡಂ" ಅಂದರು. ಆಗಲ್ಲ ಸರ್ ಅಂದೆ. 2.75 ಹಾಕಿದವರದ್ದು ತಿಳಿಯಬಹುದು, 2.25 ಹಾಕಿದವರದ್ದು? ಊಹೆ ಮಾಡುವ ಸರ್ವರ್ ತಪ್ಪನ್ನು ಸದ್ದಿಲ್ಲದೆ ಸರಿಯೆಂಬಂತೆ ಇಟ್ಟುಬಿಡುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ.

ಕೊನೆಗೆ ಎರಡು ಖಾನೆ ಮಾಡಿದೆ, ಎಕರೆಗೊಂದು, ಗುಂಟೆಗೊಂದು. ಸರ್ವರಿನಲ್ಲಿ ನಿಯಮ: ಎರಡೂ ಪೂರ್ಣಾಂಕ, ಗುಂಟೆ 0ಯಿಂದ 39ರೊಳಗೆ, ಎರಡೂ ಸೊನ್ನೆ ಆಗಕೂಡದು. ಉಳಿಸುವುದು ಒಟ್ಟು ಗುಂಟೆಯಲ್ಲಿ. ಅಪ್ಪನ ಹೊಲ ಈಗ ನೂರು ಗುಂಟೆ. ಅಲ್ಲಿ ಚುಕ್ಕಿಗೆ ಜಾಗವೇ ಇಲ್ಲ.

13 ಜುಲೈ, ಶನಿವಾರ

ಹರಿಹರದಲ್ಲಿ ಅರ್ಜಿ ತುಂಬಿಕೊಡುವ ಸೆಂಟರ್ ಇಟ್ಟಿರುವ ಹುಡುಗನ ಪಕ್ಕ ಬೆಳಗ್ಗೆಯಿಂದ ಕೂತಿದ್ದೆ. ನಮ್ಮ ಫಾರಂ ತುಂಬುವವರು ಹೆಚ್ಚಾಗಿ ರೈತರಲ್ಲ, ಇಂಥ ಹುಡುಗರು.

"ಅಕ್ಕಾ, ಸರ್‌ನೇಮ್ ಕಡ್ಡಾಯ ಅಂತ ಇಟ್ಟೀರೇನು? ಇಟ್ರೆ ಚುಕ್ಕಿ ಹಾಕ್ತೀವಿ ನೋಡ್ರಿ" ಅಂದ. ಬೇರೆ ಎಷ್ಟೋ ಫಾರಂಗಳಲ್ಲಿ ಅವನು ಮಾಡುವುದೇ ಅದು. ಒಂದೇ ಹೆಸರಿನ ಹಾಲಮ್ಮನಿಗೆ ಸರ್‌ನೇಮ್ ಎಲ್ಲಿಂದ ತರುವುದು? ಒಂದು ಚುಕ್ಕಿ. ಫೋನಿಲ್ಲದ ಅಜ್ಜನಿಗೆ ಹತ್ತು ಸಲ ಒಂಬತ್ತು. ಹತ್ತು ಅಂಕಿ, ಮೊದಲಂಕಿ 6ರಿಂದ 9ರೊಳಗೆ ಎಂಬ ನಿಯಮಕ್ಕೆ ಅದು ಸರಿಯಾಗಿಯೇ ಇದೆ. ಇಲ್ಲದ್ದನ್ನು ಕಡ್ಡಾಯವಾಗಿ ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ನಿಯಮ ಆ ಸುಳ್ಳಿಗೆ ಮುದ್ರೆ ಒತ್ತುತ್ತದೆ.

ಆದ್ದರಿಂದ ಹೆಸರಿಗೆ ಒಂದೇ ಖಾನೆ. ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ, ಇನಿಷಿಯಲ್ಲಿನ ಚುಕ್ಕಿ, ಖಾಲಿ ಜಾಗ ಎಲ್ಲ ಇರಲಿ. ಡಿ'ಸೋಜಾ ಅವರ ಹೆಸರಿನ ಮೇಲಿನ ಚಿಹ್ನೆಯೂ ಇರಲಿ. ಆರೋಗ್ಯಮಾತೆ ಚರ್ಚಿರುವ ಊರಿನಲ್ಲಿ ಆ ಹೆಸರನ್ನು ಬೇಡ ಅನ್ನಲು ನಾವ್ಯಾರು? ಆ ಚಿಹ್ನೆಯಿಂದ ಡೇಟಾಬೇಸಿಗೆ ಕನ್ನ ಹಾಕುತ್ತಾರೆಂಬ ಭಯಕ್ಕೆ ಮದ್ದು ಬೇರೆ ಇದೆ. ಹೆಸರನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸದೆ ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸಬೇಕು. ಭದ್ರತೆಯ ನೆಪದಲ್ಲಿ ಜನರ ಹೆಸರು ಕತ್ತರಿಸಬಾರದು.

ಮಧ್ಯಾಹ್ನ ಕನ್ನಡ ಕೀಬೋರ್ಡಿನ ಫೋನಿನಲ್ಲಿ ಮೊಬೈಲ್ ನಂಬರ್ ಹಾಕಿ ನೋಡಿದೆ. ಅಂಕಿಗಳು ಕನ್ನಡದವು ಬಂದವು: ೯, ೪, ೮... ಬ್ರೌಸರ್ ಬೇಡವೆಂದಿತು. ಅದೇ ನಂಬರನ್ನು ನೇರ ಸರ್ವರಿಗೆ ಕಳಿಸಿದರೆ ಒಪ್ಪಿಕೊಂಡಿತು. ಎರಡೂ ಕಡೆ ನಾನು ಬರೆದದ್ದು ಒಂದೇ ಮಾದರಿ, 'ಅಂಕಿ' ಎಂಬರ್ಥದ ಬ್ಯಾಕ್‌ಸ್ಲ್ಯಾಶ್ ಡಿ. ಜಾವಾಸ್ಕ್ರಿಪ್ಟಿಗೆ ಅದು 0ಯಿಂದ 9 ಮಾತ್ರ. ಸರ್ವರಿನ ಪೈಥಾನ್ 3ರಲ್ಲಿ ಯುನಿಕೋಡಿನ ಯಾವ ಲಿಪಿಯ ಅಂಕಿಯೂ ನಡೆಯುತ್ತದೆ. ಹಾಗೇ ಬಿಟ್ಟಿದ್ದರೆ ಎಸ್‌ಎಂಎಸ್ ಕಳಿಸುವ ಕಡೆ ನಂಬರ್ ಕೆಡುತ್ತಿತ್ತು.

ಹಾಗಂತ ಕನ್ನಡ ಅಂಕಿಯನ್ನು ಬೇಡ ಅನ್ನಲಿಲ್ಲ. ಮೊದಲು ೯ನ್ನು 9 ಮಾಡಿಕೊಂಡು, ಆಮೇಲೆ ತಪಾಸಣೆ. ಇದು ಬುಧವಾರದ ಊಹೆಯಂಥದ್ದಲ್ಲ. ೯ ಎಂದರೆ ಒಂಬತ್ತೇ, ಬೇರೆ ಅರ್ಥವಿಲ್ಲ. ಐಎಫ್‌ಎಸ್‌ಸಿ ಕೋಡೂ ಹೀಗೆಯೇ. ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಒತ್ತಿದವರು ಸೊನ್ನೆಯನ್ನೇ ಉದ್ದೇಶಿಸಿದ್ದಾರೆ, ತಿದ್ದಿಕೊಳ್ಳಬಹುದು. ನನಗೆ ನಾನೇ ಹಾಕಿಕೊಂಡ ಕಟ್ಟಳೆ: ಬರೆದ ರೂಪವನ್ನು ತಿದ್ದಬಹುದು, ಅರ್ಥವನ್ನು ಊಹಿಸಕೂಡದು. ಅರ್ಥ ಎರಡಾದರೆ ತಿರುಗಿ ಕೇಳಬೇಕು.

14 ಜುಲೈ, ಭಾನುವಾರ

ಉದ್ದದ ಮಿತಿ. ಊರಿನ ಹೆಸರಿಗೆ ಇಪ್ಪತ್ತು ಅಂತ ಹಳೆಯ ಕೋಡಿನಲ್ಲಿದೆ. ಇಪ್ಪತ್ತು ಏನು? "ಗುತ್ತೂರು" ಓದುವವರಿಗೆ ಮೂರು ಅಕ್ಷರ. ಯುನಿಕೋಡಿನಲ್ಲಿ ಎಂಟು ಸಂಕೇತ: ಗ, ಕೊಂಬು, ತ, ವಿರಾಮ, ತ, ಕೊಂಬಿನ ದೀರ್ಘ, ರ, ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಒಟ್ಟು ಇಪ್ಪತ್ತನಾಲ್ಕು. ಬ್ರೌಸರ್ ಎಂಟೆಂದು ಎಣಿಸಿ ಒಳಗೆ ಬಿಡುತ್ತದೆ. ಬಿಲ್ ಮುದ್ರಿಸುವ ಹಳೆಯ ಪ್ರೋಗ್ರಾಂ ಬೈಟ್ ಎಣಿಸಿ ಇಪ್ಪತ್ತಕ್ಕೆ ಕತ್ತರಿಸುತ್ತದೆ. ಉಳಿಯುವುದು "ಗುತ್ತೂ", ಅದರ ಹಿಂದೆ ಒಂದು ಪ್ರಶ್ನಾರ್ಥಕದ ಡಬ್ಬಿ. ನಮ್ಮ ಊರಿನ "ರು" ಆ ಡಬ್ಬಿಯೊಳಗೆ. ಮಿತಿಯನ್ನು ಅಕ್ಷರ ಸಂಕೇತದಲ್ಲಿ ಎಣಿಸಿ ನೂರಕ್ಕೆ ಏರಿಸಿದೆ. ಬಿಲ್ಲಿನ ಪ್ರೋಗ್ರಾಮನ್ನೂ ಮುಟ್ಟಬೇಕು.

ಇನ್ನೊಂದು: "ಕೊ" ಅನ್ನುವುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಕೊಟ್ರೇಶಪ್ಪ ಒಬ್ಬರೇ ಇಬ್ಬರಾಗುತ್ತಾರೆ. ಉಳಿಸುವ ಮೊದಲು ಎರಡನ್ನೂ ಒಂದೇ ಚಿಹ್ನೆಯ ಎನ್‌ಎಫ್‌ಸಿ ರೂಪಕ್ಕೆ ತರುವ ಸಾಲು ಸೇರಿಸಿದೆ. ಇದೂ ರೂಪದ ತಿದ್ದುಪಡಿಯೇ.

16 ಜುಲೈ, ಮಂಗಳವಾರ

ತಾಲ್ಲೂಕಿನ ಪಟ್ಟಿ. ಡ್ರಾಪ್‌ಡೌನ್ ಇದೆಯಲ್ಲ, ಅದರಲ್ಲಿ ಇಲ್ಲದ್ದು ಹೇಗೆ ಬರುತ್ತದೆ ಅಂತ ವ್ಯವಸ್ಥಾಪಕರ ಪ್ರಶ್ನೆ. ಲಂಡನ್ ಬಂದ ದಾರಿಯಲ್ಲೇ ಬರುತ್ತದೆ ಅಂದೆ. ಬಂದ ತಾಲ್ಲೂಕು ಬಂದ ಜಿಲ್ಲೆಗೆ ಸೇರಿದ್ದೇ ಎಂದು ಸರ್ವರಿನಲ್ಲೂ ನೋಡಬೇಕು.

ಆದರೆ ಹಳೆಯ ಪಟ್ಟಿಯಲ್ಲಿ ದಾವಣಗೆರೆ ಜಿಲ್ಲೆಯ ಕೆಳಗೆ ಹರಪನಹಳ್ಳಿ ಇನ್ನೂ ಕೂತಿದೆ, ನ್ಯಾಮತಿ ಇಲ್ಲ. 1997ರ ಆಗಸ್ಟ್ 15ರಂದು ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ಬಳ್ಳಾರಿಯಿಂದ ಇತ್ತ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆ. ಹೊಲ ಮಾತ್ರ ಇದ್ದಲ್ಲೇ ಇದೆ. ಇಂಥ ಪಟ್ಟಿಯನ್ನು ಕೋಡಿನೊಳಗೆ ಬರೆದಿಟ್ಟರೆ ಸರ್ಕಾರ ಆದೇಶ ಹೊರಡಿಸಿದಾಗಲೆಲ್ಲ ಪ್ರೋಗ್ರಾಮರನ್ನು ಹುಡುಕಬೇಕಾಗುತ್ತದೆ. ಡೇಟಾಬೇಸಿನಲ್ಲಿ ಒಂದು ಕೋಷ್ಟಕ ಮಾಡಿ, ಕಂಪನಿಯವರೇ ತಿದ್ದುವಂತೆ ಇಟ್ಟೆ.

"ಮನೆ ಇರುವ ತಾಲ್ಲೂಕು, ಹೊಲ ಇರುವ ತಾಲ್ಲೂಕು ಒಂದೇ ಇರಬೇಕು" ಎಂಬ ನಿಯಮವನ್ನು ಯಾರೋ ಕೇಳಿದ್ದರಂತೆ. ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಮನೆ ಈ ದಡ, ಹೊಲ ಆ ದಡ ಇರುವವರು ಎಷ್ಟಿಲ್ಲ! ನಿಯಮ ತೆಗೆಸಿದೆ. ಸರ್ವೆ ನಂಬರು ಬರೀ ಅಂಕಿಯಾಗಿರಬೇಕು ಎಂಬುದೂ ಹೋಯಿತು. ಪಹಣಿಯಲ್ಲಿ 45/*/2ಎ ಎಂದಿರುತ್ತದೆ, ನಡುವಿನ ನಕ್ಷತ್ರವೂ ಅದರ ಭಾಗವೇ.

19 ಜುಲೈ, ಶುಕ್ರವಾರ

ಮಳೆ ಹಿಡಿದಿದೆ. ಊರ ಹತ್ತಿರವೇ 400 ಕೆವಿ ಸ್ಟೇಷನ್ ಇಟ್ಟುಕೊಂಡೂ ಮಧ್ಯಾಹ್ನವೆಲ್ಲ ಕರೆಂಟಿಲ್ಲ. ನೆಟ್ ಎಳೆದಾಡುವಾಗ ಜನ ಏನು ಮಾಡುತ್ತಾರೆ? ಸಲ್ಲಿಸು ಬಟನ್ ಒತ್ತುತ್ತಾರೆ, ಕಾಯುತ್ತಾರೆ, ಮತ್ತೆ ಒತ್ತುತ್ತಾರೆ. ಎರಡು ಅರ್ಜಿ ಒಂದೇ ಕ್ಷಣಕ್ಕೆ ಬಂದರೆ, "ಈ ಖಾತೆ ಮೊದಲೇ ಇದೆಯೇ?" ಎಂದು ಎರಡೂ ಕೇಳುತ್ತವೆ, ಎರಡಕ್ಕೂ "ಇಲ್ಲ" ಎಂಬ ಉತ್ತರ, ಎರಡೂ ಒಳಗೆ. ಇದನ್ನು ತಡೆಯಲು ಒಂದೇ ಖಾತೆ ಎರಡು ಸಲ ಬರಗೊಡದ ಯುನೀಕ್ ನಿರ್ಬಂಧವನ್ನು ಡೇಟಾಬೇಸಿನಲ್ಲೇ ಹಾಕಿದೆ. ಸರ್ವರಿನ ಕೋಡಿನ ಹಿಂದೆಯೂ ಒಂದು ಕಾವಲು ಬೇಕು.

ಎರರ್ ಸಂದೇಶಗಳನ್ನೂ ಇವತ್ತೇ ಬರೆದೆ. ಹಳೆಯದು "ಅಮಾನ್ಯ ಮೌಲ್ಯ" ಅನ್ನುತ್ತಿತ್ತು. ಸೆಂಟರಿನ ಹುಡುಗನಿಗೆ ಓದಿ ಹೇಳಿದರೆ "ಅಂದ್ರೇನಕ್ಕ?" ಅಂದ. ಈಗ: "ಗುಂಟೆ 39ಕ್ಕಿಂತ ಹೆಚ್ಚಿರಬಾರದು. 40 ಗುಂಟೆ ಆದರೆ ಒಂದು ಎಕರೆ ಎಂದು ಬರೆಯಿರಿ." ತಪ್ಪುಗಳನ್ನೆಲ್ಲ ಒಂದೇ ಸಲಕ್ಕೆ ತೋರಿಸುತ್ತದೆ, ತುಂಬಿದ್ದನ್ನು ಅಳಿಸುವುದಿಲ್ಲ. ಉತ್ತರದ ಕೋಡ್ 422: ಅರ್ಜಿ ತಲುಪಿದೆ, ಓದಿದ್ದೇನೆ, ಹೀಗೆಯೇ ತೆಗೆದುಕೊಳ್ಳಲಾರೆ.

ಆಧಾರ್ ಖಾನೆಯ ಚರ್ಚೆಯೂ ಮುಗಿಯಿತು. ಅದರ ಹನ್ನೆರಡನೆಯ ಅಂಕಿ ವೆರ್‌ಹೂಫ್ ಲೆಕ್ಕದ್ದು, ಡಚ್ ಗಣಿತಜ್ಞನೊಬ್ಬ 1969ರಲ್ಲಿ ಪ್ರಕಟಿಸಿದ್ದು. ಒಂದಂಕಿ ತಪ್ಪಿದರೂ, ಅಕ್ಕಪಕ್ಕದ ಎರಡಂಕಿ ಅದಲುಬದಲಾದರೂ ಹಿಡಿಯುತ್ತದೆ. ಆದರೆ ನಂಬರ್ ಯಾರದ್ದೆಂದು ಅದಕ್ಕೆ ತಿಳಿಯದು. ಹಣ ಹಾಕಲು ಖಾತೆ ಸಾಕಲ್ಲ, ಆಧಾರ್ ಯಾಕೆ ಅಂದೆ. ಯಾರಿಗೂ ಉತ್ತರವಿರಲಿಲ್ಲ, ಖಾನೆ ಹೋಯಿತು. ಕೇಳದೇ ಇರುವ ಮಾಹಿತಿಗೆ ತಪಾಸಣೆಯೂ ಬೇಡ, ಕಾವಲೂ ಬೇಡ.

22 ಜುಲೈ, ಸೋಮವಾರ

ಫಾರಂ ಇವತ್ತು ಚಾಲೂ ಆಯಿತು. ನಾಟಿ ಸಮಯವಾದರೂ ಸೆಂಟರಿನಲ್ಲಿ ಜನರಿದ್ದರು. ಸರ್ವರಿನ ಲಾಗ್ ನೋಡುತ್ತಾ ಕೂತೆ. ತಿರುಗಿ ಕಳಿಸಿದ ಅರ್ಜಿಗಳಲ್ಲಿ ಹೆಚ್ಚಿನವು ಗುಂಟೆಯ ಖಾನೆಯವೇ: 50, 75. ದಶಮಾಂಶದವರು. ತಿದ್ದಿ ಮತ್ತೆ ಕಳಿಸಿದ್ದಾರೆ, 20, 30. ಹಳೆಯ ಫಾರಂ ಇವನ್ನೆಲ್ಲ ಮಾತಿಲ್ಲದೆ ನುಂಗುತ್ತಿತ್ತು.

ಸಂಜೆ ಹುಡುಗನ ಫೋನು. "ಅಕ್ಕಾ, ಅಣ್ತಮ್ಮ ಮೂರು ಮಂದಿ ಬಂದಾರ. ಒಂದೇ ಪಹಣಿ, ಜಂಟಿ ಖಾತೆ. ಮೊದಲ್ನೇವ್ರದ್ದು ತಗಂತು, ಉಳಿದವ್ರಿಗೆ 'ಈ ಸರ್ವೆ ನಂಬರ್ ಈಗಾಗಲೇ ನೋಂದಣಿಯಾಗಿದೆ' ಅಂತತಿ."

ಸರ್ವೆ ನಂಬರು ಮರುಕಳಿಸಬಾರದೆಂದು ಕಂಪನಿ ಹೇಳಿತ್ತು, ಬರೆದುಕೊಟ್ಟ ಕಾಗದವೂ ಇದೆ. ಜಂಟಿ ಪಹಣಿ ಅವರಿಗೂ ಗೊತ್ತು, ಬರೆಯುವಾಗ ನೆನಪಾಗಲಿಲ್ಲ. ಒಂದು ಸರ್ವೆ ನಂಬರಿನ ಮೇಲೆ ಎಷ್ಟು ಜನವಾದರೂ ಇರಲಿ, ಅವರೆಲ್ಲರ ಗುಂಟೆ ಕೂಡಿದರೆ ಪಹಣಿಯ ಒಟ್ಟು ವಿಸ್ತೀರ್ಣ ಮೀರಬಾರದು. ಇರಬೇಕಾದ ನಿಯಮ ಅದು. ಮೀರಿದರೆ ಸರ್ವರ್ ತೀರ್ಮಾನಿಸುವುದು ಬೇಡ, ಕಂಪನಿಯವರು ಪಹಣಿ ನೋಡಿ ಹೇಳಲಿ.

ನಾಳೆ ಬೆಳಗ್ಗೆ ಮೊದಲ ಕೆಲಸ ಇದೇ. ಅಣ್ಣತಮ್ಮಂದಿರಿಗೆ ಹತ್ತು ಗಂಟೆಯ ಮೇಲೆ ಬರಲು ಹೇಳಿದ್ದೇನೆ.